ಮಾಗಡಿ ರೋಡ್ ಜೋಡಿಯ ಕೊನೆಯ ಕುಸ್ತಿ

ನಮ್ಮಪ್ಪ ಒಂದು ಕಾಲದಲ್ಲಿ ಜನರ ಮುಂದೆ ಒದೆ ತಿನ್ನುವುದರಲ್ಲಿ ಹೆಸರು ಮಾಡಿದ್ದರು ಅಂದರೆ ಈಗ ಯಾರೂ ನಂಬುವುದಿಲ್ಲ. ಬಸವೇಶ್ವರನಗರದ ನಮ್ಮ ಮನೆಯ ಪೋರ್ಟಿಕೋದಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಮಫ್ಲರ್ ಸುತ್ತಿಕೊಂಡು ಕೂತು, ಪೇಪರಿನವನಿಂದ ಹಿಡಿದು ಮಹಡಿ ಮೇಲಿನ ಬಾಡಿಗೆಯವರವರೆಗೆ ಎಲ್ಲರ ಮೇಲೂ ರೇಗುವ ಈ ಮುದುಕರನ್ನು ನೋಡಿದವರು, ಯಾವುದೋ ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ಆಗಿದ್ದಿರಬೇಕು ಅಂದುಕೊಳ್ಳುತ್ತಾರೆ. ಕಿವಿ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಅಪ್ಪನ ಎಡಗಿವಿ ಗರಡಿ ಮನೆಯಲ್ಲಿ ಮುರಿದದ್ದು. ತಟ್ಟೆಯಲ್ಲಿ ಉಳಿದು ಒಣಗಿದ ಮುದ್ದೆಯ ತುಂಡಿನ ಹಾಗೆ ಮುದುಡಿಕೊಂಡಿದೆ. ಕೆಂಗೇರಿಯಲ್ಲಿ ಇನ್ನೊಬ್ಬರಿದ್ದಾರೆ, ಅವರದು ಎರಡೂ ಕಿವಿ ಹಾಗೇ. ಅವರನ್ನು ನಾನು ಚಿಕ್ಕಪ್ಪ ಅನ್ನುತ್ತೇನೆ, ರಕ್ತಸಂಬಂಧ ಏನೂ ಇಲ್ಲ. ಇವರಿಬ್ಬರೂ ಸೇರಿ ಒಂದು ಕುಸ್ತಿ ಜೋಡಿಯಾಗಿದ್ದರು. ‘ಮಾಗಡಿ ರೋಡ್ ಜೋಡಿ’ ಅಂತ ಮೈಕಿನಲ್ಲಿ ಕೂಗಿದರೆ ಟೆಂಟಿನ ತುಂಬ ಶಿಳ್ಳೆ. ಅಂಥವರು ಹತ್ತಿರ ಹತ್ತಿರ ನಲವತ್ತು ವರ್ಷ ಒಬ್ಬರ ಮುಖ ಒಬ್ಬರು ನೋಡದೆ ಕಳೆದರು. ಇಬ್ಬರೂ ಒಂದಾಗುವ ಮೊದಲೇ ಯಾರಾದರೊಬ್ಬರು ಹೋಗಿಬಿಡುತ್ತಾರೆ ಅನ್ನುವ ಭಯ ನನ್ನನ್ನು ಹಿಡಿದದ್ದು ಕಳೆದ ವರ್ಷ.

ನಾನು ಹುಟ್ಟಿದ್ದು ಮಾಗಡಿ ರೋಡಿನಿಂದ ಒಳಗೆ ಹೋದರೆ ಸಿಗುವ ಒಂದು ಸಾಲುಮನೆಯಲ್ಲಿ. ಎಲ್ಲ ಮನೆಗಳ ಮುಂಬಾಗಿಲು ಬೀದಿಗೆ, ಹಿಂಬಾಗಿಲು ಎಲ್ಲರಿಗೂ ಸೇರಿದ ಹಿತ್ತಲಿಗೆ. ನಮ್ಮ ಪಕ್ಕದ ಮನೆಯೇ ಚಿಕ್ಕಪ್ಪಂದು. ಅಪ್ಪ, ಚಿಕ್ಕಪ್ಪ ಇಬ್ಬರೂ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದೇ ಶೆಡ್ಡಿನಲ್ಲಿ ಕೆಲಸಕ್ಕಿದ್ದರು. ಅಪ್ಪ ಲೇತ್ ಮೇಲೆ, ಚಿಕ್ಕಪ್ಪ ಡ್ರಿಲ್ಲಿಂಗ್ ಮೆಷಿನ್ ಮೇಲೆ. ಶಿಫ್ಟು ಮುಗಿದರೆ ನೇರ ಗರಡಿ ಮನೆ. ಅಲ್ಲಿಂದ ಮೈಯೆಲ್ಲ ಕೆಮ್ಮಣ್ಣು ಮಾಡಿಕೊಂಡು ಬಂದರೆ ಅಜ್ಜಿ ಇಬ್ಬರನ್ನೂ ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂರಿಸಿ ಬಿಸಿನೀರು ಹುಯ್ಯುತ್ತಿದ್ದಳು. ಅಪ್ಪನ ತಾಯಿ ಅವಳು. ಚಿಕ್ಕಪ್ಪನಿಗೆ ತಾಯಿ ಇರಲಿಲ್ಲ, ಚಿಕ್ಕ ವಯಸ್ಸಿನಲ್ಲೇ ತೀರಿಹೋಗಿದ್ದಳು. ಗರಡಿಯಲ್ಲಿ ಅಪ್ಪನ ಗೆಳೆತನವಾದ ಮೇಲೆ ನಮ್ಮ ಮನೆಗೆ ಊಟಕ್ಕೆ ಬಂದ ಹುಡುಗ ಮದುವೆಯಾಗುವವರೆಗೂ ಇಲ್ಲೇ ಉಂಡ. ಮದುವೆಯಾದ ಮೇಲೆ ಪಕ್ಕದ ಮನೆ ಖಾಲಿಯಾಗಿದೆ ಅಂತ ತಿಳಿದು ಅಲ್ಲಿಗೇ ಬಂದು, ಆಮೇಲೂ ಇಲ್ಲೇ ಉಂಡ. ಅಪ್ಪನ ಹಾಗೇ ಅವಳನ್ನು ಅವ್ವ ಅನ್ನುತ್ತಿದ್ದರು. ಅಜ್ಜಿ ದೊಡ್ಡ ಮುದ್ದೆಯನ್ನು ಯಾವಾಗಲೂ ಅವರ ತಟ್ಟೆಗೇ ಹಾಕುತ್ತಿದ್ದಳು. ‘ಅವನು ಗಾತ್ರದೋನು’ ಅಂತ ಅವಳ ಸಮರ್ಥನೆ.

ಆಗಿನ್ನೂ ವಿಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ. ಅಂಥ ಒಂದು ಬಯಲಲ್ಲಿ ಟೆಂಟು ಹಾಕಿಕೊಂಡು ಒಬ್ಬ ಮ್ಯಾನೇಜರು ಕುಸ್ತಿ ಆಡಿಸುತ್ತಿದ್ದ. ಸಫಾರಿ ಸೂಟು, ಬಾಯಲ್ಲಿ ಸದಾ ಏಲಕ್ಕಿ. ಗರಡಿ ಕುಸ್ತಿ ಅಲ್ಲ ಅದು. ನಾಲ್ಕು ಮೂಲೆಗೆ ಕಂಬ ನೆಟ್ಟು, ಹಗ್ಗ ಕಟ್ಟಿ, ಹಲಗೆ ಮೇಲೆ ಹುಲ್ಲಿನ ಹಾಸಿಗೆ ಹಾಸಿ, ಯಾರು ಗೆಲ್ಲಬೇಕು ಯಾರು ಸೋಲಬೇಕು ಅಂತ ಮೊದಲೇ ಮಾತಾಡಿಕೊಂಡು ಆಡುವ ಕುಸ್ತಿ. ಅಪ್ಪ, ಚಿಕ್ಕಪ್ಪ ಅಲ್ಲಿಗೆ ಹೋಗುತ್ತಾರೆ ಅಂತ ಗೊತ್ತಾದಾಗ ಗರಡಿಯ ಉಸ್ತಾದರು ಇಬ್ಬರಿಗೂ ಚೆನ್ನಾಗಿ ಬೈದು, ಮಣ್ಣು ಮುಟ್ಟಬೇಡಿ ಅಂತ ಕಳಿಸಿದರಂತೆ. ಇವರು ಹೋಗಿಯೇ ಹೋದರು. ದಿನವೆಲ್ಲ ಮೆಷಿನ್ ಮುಂದೆ ನಿಂತವರಿಗೆ ಶಿಳ್ಳೆಯ ರುಚಿ ಹತ್ತಿತ್ತು, ಅಷ್ಟೇ.

ಜೋಡಿ ಕುಸ್ತಿಯ ನಿಯಮ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಎರಡು ಮನೆಗಳ ಹಣೆಬರಹ ಅದರ ಮೇಲೇ ನಿಂತಿತು. ಒಂದು ಕಡೆಯ ಇಬ್ಬರಲ್ಲಿ ಒಬ್ಬನು ರಿಂಗಿನ ಒಳಗೆ, ಇನ್ನೊಬ್ಬನು ಹಗ್ಗದ ಆಚೆ ತನ್ನ ಮೂಲೆಯಲ್ಲಿ. ಮೂಲೆಯ ಕಂಬಕ್ಕೆ ಒಂದು ತುಂಡು ಹಗ್ಗ ಕಟ್ಟಿರುತ್ತಾರೆ. ಹೊರಗಿನವನು ಅದನ್ನು ಎಡಗೈಯಲ್ಲಿ ಹಿಡಿದೇ ಇರಬೇಕು, ಬಲಗೈ ಒಳಗೆ ಚಾಚಬಹುದು. ಒಳಗಿನವನು ಬಂದು ಆ ಕೈಗೆ ಕೈ ಮುಟ್ಟಿಸಿದರೆ ಮಾತ್ರ ಅವನು ಒಳಗೆ, ಇವನು ಹೊರಗೆ. ಮುಟ್ಟಿಸದೆ ಒಳಗೆ ಹೋಗುವ ಹಾಗಿಲ್ಲ.

ಅಪ್ಪ ಸಣ್ಣಗೆ, ಉದ್ದಕ್ಕೆ ಇದ್ದರು. ಅವರ ಕೆಲಸ ಒದೆ ತಿನ್ನುವುದು. ಎದುರಾಳಿಗಳು ಅವರನ್ನು ಎತ್ತಿ ಎತ್ತಿ ಹಾಕುತ್ತಿದ್ದರು. ಅಪ್ಪ ಬಿದ್ದಲ್ಲಿಂದ ತೆವಳಿಕೊಂಡು ಮೂಲೆಗೆ ಬರಬೇಕು. ಮೂಲೆಯಲ್ಲಿ ಚಿಕ್ಕಪ್ಪ, ಆ ಗೂಳಿಯಂಥ ಆಳು, ಹಗ್ಗ ಹಿಡಿದುಕೊಂಡು ಕೈ ಚಾಚಿ ಒದ್ದಾಡಬೇಕು. ಇನ್ನೇನು ಬೆರಳು ತಾಕಿತು ಅನ್ನುವಾಗ ಎದುರಾಳಿ ಅಪ್ಪನ ಕಾಲು ಹಿಡಿದು ಹಿಂದಕ್ಕೆ ಎಳೆಯುತ್ತಿದ್ದ. ಟೆಂಟು ಅಯ್ಯಯ್ಯೋ ಅನ್ನುತ್ತಿತ್ತು. ಅಪ್ಪ ಮತ್ತೆ ತೆವಳುತ್ತಿದ್ದರು. ಕೊನೆಗೆ ಹೇಗೋ ಕೈ ಮುಟ್ಟಿದಾಗ ಜನ ಬೆಂಚಿನ ಮೇಲೆ ಹತ್ತಿ ಕುಣಿಯುತ್ತಿದ್ದರು. ಆಮೇಲೆ ಚಿಕ್ಕಪ್ಪ ಒಳಗೆ ಬಂದು ಎಲ್ಲರನ್ನೂ ಚೆಂಡಾಡುವುದು, ಅದರಲ್ಲಿ ಹೊಸದೇನಿಲ್ಲ.

‘ಹೊಡೆಯೋದು ಯಾರಿಗ್ ಬೇಕಾದ್ರೂ ಬರುತ್ತೆ ಕಣೇ, ತೆವಳೋದು ಬರ್ಬೇಕು’ ಅಂತ ಅಪ್ಪ ಈಗಲೂ ಜಂಬ ಕೊಚ್ಚಿಕೊಳ್ಳುತ್ತಾರೆ. ‘ಚಾಚಿದ ಕೈ ಕಡೆ ನೋಡ್ಲೇಬಾರ್ದು. ನೆಲ ನೋಡ್ತಾ ಬರ್ಬೇಕು. ಬೇಗ ಮುಟ್ಟಿಬಿಟ್ರೆ ಜನಕ್ಕೆ ಮೋಸ.’

ನಾನು ಆಗ ಎರಡನೇ ಕ್ಲಾಸೋ ಮೂರನೇ ಕ್ಲಾಸೋ. ನನಗೆ ಮೋಸ ಗೀಸ ಗೊತ್ತಿರಲಿಲ್ಲ, ಅಪ್ಪ ಬಿದ್ದಾಗಲೆಲ್ಲ ಬೆಂಚಿನಿಂದ ಎದ್ದು ಚೀರುತ್ತಿದ್ದೆ. ಒಂದು ಸಲ ಮನೆಗೆ ಬಂದ ಮೇಲೆ ಚಿಕ್ಕಪ್ಪನ ತೊಡೆಗೆ ಗುದ್ದಿ ಕೇಳಿದ್ದೆ, ಅಪ್ಪ ಅಷ್ಟು ಒದೆ ತಿನ್ನುತ್ತಿದ್ದರೆ ನೀನು ಸುಮ್ಮನೆ ಹಗ್ಗ ಹಿಡ್ಕೊಂಡು ನಿಂತಿದ್ದೀಯಲ್ಲ, ಒಳಗೆ ಹೋಗೋಕೇನು ರೋಗ ಅಂತ. ಅವರು ನಗಲಿಲ್ಲ. ‘ಮುಟ್ಟಿಸ್ದೆ ಒಳಗ್ ಹೋದ್ರೆ ಅದು ಜೋಡಿ ಅಲ್ಲ ಕಣವ್ವ, ನುಗ್ಗಾಟ’ ಅಂದರು.

ಆ ನಿಯಮ ನಮಗೂ ಅಂಟಿಕೊಂಡಿತು. ಚಿಕ್ಕಪ್ಪನ ಮಗಳು ನನಗಿಂತ ಸ್ವಲ್ಪ ಚಿಕ್ಕವಳು. ಬೀದಿ ನಲ್ಲಿಯ ಸಾಲಿನಲ್ಲಿ ನಾವಿಬ್ಬರೂ ಒಂದೇ ಬಿಂದಿಗೆ ಇಟ್ಟು, ಒಬ್ಬಳು ನಿಂತರೆ ಒಬ್ಬಳು ಆಡುವುದು; ಆಡಿ ಸುಸ್ತಾದವಳು ಬಂದು ಕೈ ಮುಟ್ಟಿಸಿದರೆ ಅದಲುಬದಲು. ಸಾಲಿನಲ್ಲಿದ್ದ ಹೆಂಗಸರು ಇದ್ಯಾವ ಸೀಮೆ ನ್ಯಾಯ ಅಂತ ನಮ್ಮಿಬ್ಬರ ಜಡೆ ಹಿಡಿದು ಆಚೆಗೆ ಕಳಿಸುತ್ತಿದ್ದರು.

ಹೀಗೇ ನಡೆದಿದ್ದರೆ ಚೆನ್ನಾಗಿತ್ತು. ಮ್ಯಾನೇಜರಿಗೆ ಬೇಜಾರು ಬಂತು. ಒಳ್ಳೆಯವರು ಎಷ್ಟು ದಿನ ಒಳ್ಳೆಯವರಾಗೇ ಇರುತ್ತಾರೆ, ಜನಕ್ಕೆ ಹೊಸದು ಬೇಕು ಅಂದನಂತೆ. ಅವನ ಯೋಚನೆ ಹೀಗಿತ್ತು: ಒಂದು ದಿನ ಅಪ್ಪ ತೆವಳಿಕೊಂಡು ಬಂದು ಕೈ ಮುಟ್ಟಿಸಬೇಕು ಅನ್ನುವಾಗ ಚಿಕ್ಕಪ್ಪ ಕೈ ಹಿಂದಕ್ಕೆ ತೆಗೆದುಕೊಳ್ಳಬೇಕು. ಆಮೇಲೆ ಒಳಗೆ ನುಗ್ಗಿ ಮಡಚುವ ಕಬ್ಬಿಣದ ಕುರ್ಚಿಯಲ್ಲಿ ಅಪ್ಪನಿಗೇ ಹೊಡೆಯಬೇಕು. ಒಂದಷ್ಟು ದಿನ ಇಬ್ಬರೂ ವೈರಿಗಳು. ಕೊನೆಗೊಂದು ದೊಡ್ಡ ಕುಸ್ತಿ. ಅದರಲ್ಲಿ ಅಪ್ಪ ಒಂಟಿಯಾಗಿ ಒದೆ ತಿನ್ನುತ್ತಿರುವಾಗ ಚಿಕ್ಕಪ್ಪ ಬಂದು, ಹಳೇ ಮೂಲೆಯಲ್ಲಿ ನಿಂತು, ಆ ತುಂಡು ಹಗ್ಗ ಹಿಡಿದು ಕೈ ಚಾಚಬೇಕು. ಅದೇ ತಪ್ಪಾಯ್ತು ಅನ್ನುವುದು, ಬಾಯಲ್ಲಿ ಏನೂ ಹೇಳುವ ಹಾಗಿಲ್ಲ. ಅಪ್ಪ ತೆವಳಿ ಬಂದು ಮುಟ್ಟಿಸಿದರೆ ಜೋಡಿ ಮತ್ತೆ ಒಂದಾಯಿತು ಅಂತ ಅರ್ಥ.

ಕುರ್ಚಿ ಏಟಿನ ಅಭ್ಯಾಸ ನಮ್ಮ ಹಿತ್ತಲಲ್ಲೇ ನಡೆಯಿತು. ಅಪ್ಪ ಒಗೆಯುವ ಕಲ್ಲಿನ ಪಕ್ಕ ಬಗ್ಗಿ ನಿಂತು, ‘ಬೆನ್ನಗಲಕ್ಕೆ ಹೊಡಿಯೋ, ಶಬ್ದ ಬರ್ಲಿ’ ಅಂತ ಹೇಳಿಕೊಡುವುದು. ಚಿಕ್ಕಪ್ಪನಿಗೆ ಕೈಯೇ ಏಳುತ್ತಿರಲಿಲ್ಲ. ಅಮ್ಮನೂ ಚಿಕ್ಕಮ್ಮನೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಅಜ್ಜಿ ಮಾತ್ರ ನಗಲಿಲ್ಲ. ‘ಏಟು ಸುಳ್ಳಾದ್ರೂ ನೋಡೋರ ಕಣ್ಣು ಸುಳ್ಳಲ್ಲ ಕಣ್ರೋ’ ಅಂತ ಅಂದು ಒಳಗೆ ಹೋದಳು.

ಆ ದಿನ ನಾವೆಲ್ಲ ಟೆಂಟಿನಲ್ಲಿದ್ದೆವು. ಅಪ್ಪ ತೆವಳಿ ಬಂದರು. ಚಿಕ್ಕಪ್ಪ ಚಾಚಿದ್ದ ಕೈಯನ್ನು ನಿಧಾನವಾಗಿ ಮಡಚಿ ಎದೆಗೆ ಇಟ್ಟುಕೊಂಡರು. ಹಗ್ಗ ಬಿಟ್ಟರು. ಅಷ್ಟು ಜನ ಇದ್ದ ಟೆಂಟಿನಲ್ಲಿ ಪೆಟ್ರೋಮ್ಯಾಕ್ಸಿನ ಸುಯ್ ಅನ್ನುವ ಸದ್ದು ಕೇಳಿಸಿತು. ಕುರ್ಚಿ ಏಟು ಬಿದ್ದ ಮೇಲೆ ಚಪ್ಪಲಿಗಳು ಹಾರಿದವು. ಎಲ್ಲ ಗೊತ್ತಿದ್ದ ನಾನೂ ಅತ್ತೆ.

ಮಾರನೇ ದಿನದಿಂದ ಹೊಸ ಬಾಳು ಶುರುವಾಯಿತು. ಟೆಂಟಿಗೆ ಬರುವವರೆಲ್ಲ ಸುತ್ತಮುತ್ತಲಿನವರೇ, ಬೀದಿಯಲ್ಲಿ ನೀವಿಬ್ಬರು ಮಾತಾಡಿದ್ದು ಕಂಡರೆ ನನ್ನ ಕಥೆ ಮುಗೀತು ಅಂತ ಮ್ಯಾನೇಜರು ಕಟ್ಟಪ್ಪಣೆ ಮಾಡಿದ್ದ. ಹಾಗಾಗಿ ಮುಂಬಾಗಿಲಿಗೆ ವೈರ, ಹಿಂಬಾಗಿಲಿಗೆ ಸ್ನೇಹ. ಬೀದಿಯಲ್ಲಿ ಎದುರಾದರೆ ಇಬ್ಬರೂ ಕ್ಯಾಕರಿಸಿ ಉಗಿಯುತ್ತಿದ್ದರು. ಶೆಡ್ಡಿನಲ್ಲಿ ಬೇರೆ ಬೇರೆ ಕಡೆ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದರು, ಎರಡು ಡಬ್ಬಿಯಲ್ಲೂ ಅಜ್ಜಿ ಮಾಡಿದ ಒಂದೇ ಹುರುಳಿ ಸಾರು. ಟೀ ಅಂಗಡಿಯವನು ಚಿಕ್ಕಪ್ಪನಿಗೆ ಗ್ಲಾಸು ಕೊಡುವುದಿಲ್ಲ ಅಂದ. ಕ್ಷೌರದವನು ಅರ್ಧ ಗಡ್ಡ ಕೆರೆದು, ಗೆಳೆಯನ ಬೆನ್ನಿಗೆ ಹೊಡೆದವನಿಗೆ ಇಷ್ಟೇ ಸಾಕು ಅಂತ ಎಬ್ಬಿಸಿ ಕಳಿಸಿದ. ಚಿಕ್ಕಪ್ಪ ಅರ್ಧ ಗಡ್ಡದಲ್ಲೇ ಹಿತ್ತಲಿಗೆ ಬಂದು ಅಪ್ಪನಿಗೆ ತೋರಿಸಿ, ಇಬ್ಬರೂ ಕಲ್ಲಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದನ್ನು ನಾನು ನೋಡಿದ್ದೇನೆ. ನಾವು ಮಕ್ಕಳು ಸ್ಕೂಲಿಗೆ ರಸ್ತೆಯ ಆ ಬದಿ ಒಬ್ಬಳು, ಈ ಬದಿ ಒಬ್ಬಳು ನಡೆದು, ತಿರುವು ದಾಟಿದ ಮೇಲೆ ಕೈ ಹಿಡಿದುಕೊಳ್ಳುತ್ತಿದ್ದೆವು.

ಅಷ್ಟರಲ್ಲಿ ಮಳೆಗಾಲ ಬಂತು. ಗಾಳಿಗೆ ಟೆಂಟು ಹರಿಯಿತು. ಮ್ಯಾನೇಜರು ಸಾಮಾನು ಕಟ್ಟಿಕೊಂಡು, ‘ಹಬ್ಬ ಕಳೀಲಿ, ವಾಪಸ್ ಬಂದು ದೊಡ್ಡ ಕುಸ್ತಿ ಇಡ್ತೀನಿ. ಅಲ್ಲೀತನಕ ಯಾರೂ ಬಾಯಿ ಬಿಡ್ಬೇಡಿ’ ಅಂತ ಹೇಳಿ ಹೋದ. ಇವರು ಬಾಯಿ ಬಿಡಲಿಲ್ಲ. ಇಂಥ ವಿಷಯದಲ್ಲಿ ಗಂಡಸರ ಶ್ರದ್ಧೆ ಹೇಳತೀರದು. ಮನೆಗೆ ಅಕ್ಕಿ ತರುವುದು ಮರೆಯಬಹುದು, ಇದನ್ನು ಮರೆಯಲಿಲ್ಲ.

ಆ ಕಾಯುವ ದಿನಗಳಲ್ಲೇ ಅಜ್ಜಿ ಹೋದಳು. ಬೆಳಿಗ್ಗೆ ಒಲೆ ಹಚ್ಚಿದವಳು ಎದೆ ಹಿಡಿದುಕೊಂಡು ಗೋಡೆಗೊರಗಿದಳು, ಅಷ್ಟೇ. ಚಿಕ್ಕಪ್ಪ ಶಿಫ್ಟಿಗೆ ಹೋಗಿದ್ದರು. ಅವರು ಸುದ್ದಿ ತಿಳಿದು ಓಡಿ ಬರುವ ಹೊತ್ತಿಗೆ ಅಜ್ಜಿಯನ್ನು ಮನೆ ಮುಂದೆ ಚಾಪೆಯ ಮೇಲೆ ಮಲಗಿಸಿ, ತಲೆಯ ಹತ್ತಿರ ದೀಪ ಇಟ್ಟಾಗಿತ್ತು. ಸಾವು ಹಿಂಬಾಗಿಲಿನಲ್ಲಿ ನಡೆಯುವ ವ್ಯವಹಾರ ಅಲ್ಲವಲ್ಲ. ಬೀದಿಯ ಜನವೆಲ್ಲ ಅಲ್ಲಿ ನೆರೆದಿತ್ತು. ಟೀ ಅಂಗಡಿಯವನು, ಕ್ಷೌರದವನು, ಶೆಡ್ಡಿನವರು, ಎಲ್ಲರೂ.

ನಮ್ಮ ಮನೆ ಮುಂದೆ ಒಂದು ಮೋಟು ಕಬ್ಬಿಣದ ಗೇಟಿತ್ತು. ಚಿಕ್ಕಪ್ಪ ಅಲ್ಲಿಗೆ ಬಂದು ನಿಂತರು. ಎಡಗೈಯಲ್ಲಿ ಗೇಟಿನ ಸರಳು ಹಿಡಿದುಕೊಂಡಿದ್ದರು. ಬಲಗೈ ಗೇಟಿನ ಮೇಲಿಂದ ಒಳಗೆ ಚಾಚಿತ್ತು. ಮುಖದ ತುಂಬ ನೀರು. ‘ಯಾವ ಮುಖ ಹೊತ್ಕೊಂಡ್ ಬಂದ ನೋಡು’ ಅಂತ ಯಾರೋ ಗೊಣಗಿದರು. ಅಜ್ಜಿಯ ಕಾಲ ಹತ್ತಿರ ಕೂತಿದ್ದ ಅಪ್ಪ ಒಂದು ಸಲ ತಲೆಯೆತ್ತಿ ಅವರನ್ನು ನೋಡಿದರು. ಆಮೇಲೆ ತಲೆ ತಗ್ಗಿಸಿದರು. ಅಜ್ಜಿಯನ್ನು ಎತ್ತುವವರೆಗೂ ಚಿಕ್ಕಪ್ಪ ಹಾಗೇ ನಿಂತಿದ್ದರು. ಎತ್ತಿದಾಗ ಪಕ್ಕಕ್ಕೆ ಸರಿದು ದಾರಿ ಬಿಟ್ಟು, ಎಲ್ಲರಿಗಿಂತ ಹಿಂದೆ ನಡೆದು ಹೋದರು. ಚಿಕ್ಕಮ್ಮ ಹಿಂಬಾಗಿಲಿಂದ ಬಂದು ಅಡುಗೆಮನೆಯಲ್ಲಿ ಅಮ್ಮನ ಹೆಗಲ ಮೇಲೆ ಅತ್ತಳು.

ಕಾರ್ಯ ಮುಗಿದ ಮೇಲೆ ಅಪ್ಪ ಹಿಂಬಾಗಿಲಿಗೆ ಚಿಲಕ ಹಾಕಿದರು. ಅಮ್ಮ ಕೇಳಿದ್ದಕ್ಕೆ ಹೇಳಿದ್ದು ಒಂದೇ ಮಾತು: ‘ನಮ್ಮವ್ವನ ಹೆಣದ ಮುಂದೆನೂ ಬೀದಿಗೆ ಆಟ ತೋರಿಸ್ತಾ ನಿಂತ.’

ಮ್ಯಾನೇಜರು ಬರಲೇ ಇಲ್ಲ. ಆ ಬಯಲಲ್ಲಿ ಮನೆಗಳೆದ್ದವು. ಚಿಕ್ಕಪ್ಪ ಕೆಂಗೇರಿ ಕಡೆ ಸೈಟು ಮಾಡಿ ಹೋದರು, ನಾವು ಬಸವೇಶ್ವರನಗರಕ್ಕೆ ಬಂದೆವು. ಸುಳ್ಳಿಗೆ ಶುರುವಾದ ಜಗಳ ನಿಜವಾಗಿ ಕೂತುಬಿಟ್ಟಿತು. ಹೆಂಗಸರು ನಾವು ಬಿಡಲಿಲ್ಲ. ಅಮ್ಮ ಬದುಕಿರುವವರೆಗೂ ಉಪ್ಪಿನಕಾಯಿ ಜಾಡಿಗಳು ಕೆಂಗೇರಿಗೆ ಹೋಗಿ ಬರುತ್ತಿದ್ದವು. ನನ್ನ ಮದುವೆಗೆ ಚಿಕ್ಕಮ್ಮ, ಮಗಳು ಇಬ್ಬರೂ ಬಂದು ಮನೆಯವರ ಹಾಗೆ ಓಡಾಡಿದರು. ಚಿಕ್ಕಪ್ಪನೂ ಛತ್ರದ ಬಾಗಿಲವರೆಗೆ ಬಂದಿದ್ದರಂತೆ, ಸ್ವಲ್ಪ ಹೊತ್ತು ನಿಂತು ಹೋದರಂತೆ. ಅದನ್ನು ಅಪ್ಪನಿಗೆ ಹೇಳಿದಾಗ, ‘ಬರೋನು ಒಳಗ್ ಬರ್ಬೇಕಿತ್ತು’ ಅಂದರು. ಅಜ್ಜಿ ತೀರಿಕೊಂಡಾಗ ಮುಚ್ಚಿದ ಬಾಗಿಲು ನನ್ನ ಮದುವೆಯಲ್ಲೂ ತೆರೆಯಲಿಲ್ಲ. ನನಗೆ ಇಬ್ಬರ ಮೇಲೂ ಕೆಂಡದಂಥ ಕೋಪವಿತ್ತು.

ಕಳೆದ ವರ್ಷ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಚೆನ್ನಾಗೇ ಆಯಿತು. ನಡೆಯಬೇಕು, ನಡೆಯದಿದ್ದರೆ ಹಾಸಿಗೆ ಹಿಡಿಯುತ್ತಾರೆ ಅಂದರು ಡಾಕ್ಟರು. ವಾಕರ್ ತಂದಿಟ್ಟೆ. ಫಿಜಿಯೋಥೆರಪಿ ಹುಡುಗಿ ಬಂದು ತಾತ, ತಾತ ಅಂತ ಪುಸಲಾಯಿಸಿದಳು. ಅಪ್ಪ ಹಾಸಿಗೆಯಿಂದ ಪೋರ್ಟಿಕೋದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ, ಅಷ್ಟೇ. ಗೇಟಿನ ಕಡೆ ಒಂದು ಹೆಜ್ಜೆ ಇಡಲಿಲ್ಲ. ‘ಎಲ್ಲಿಗ್ ಹೋಗ್ಬೇಕು ನಾನು? ಯಾರಿದಾರೆ?’ ಅನ್ನುತ್ತಿದ್ದರು. ಒದೆ ತಿಂದು ತಿಂದು ಎದ್ದು ಬರುತ್ತಿದ್ದ ಮನುಷ್ಯ ಬಿದ್ದಲ್ಲೇ ಸಾಕು ಅಂದದ್ದು ಅದೇ ಮೊದಲು. ನನಗೆ ಭಯವಾಯಿತು.

ಚಿಕ್ಕಪ್ಪನ ಮಗಳು ಫೋನ್ ಮಾಡಿದಾಗಲೆಲ್ಲ ಹಿಂದೆ ಚಿಕ್ಕಪ್ಪನ ಗೊಗ್ಗರು ದನಿ ಕೇಳುತ್ತಿತ್ತು: ನಡೀತಾನಂತಾ? ಊಟ ಮಾಡ್ತಾನಂತಾ? ‘ಅಕ್ಕ, ಅಪ್ಪಂಗೆ ನೋಡ್ಬೇಕಂತೆ. ಆದ್ರೆ ಬಾ ಅಂದ್ರೆ ಬರಲ್ಲ ಅಂತಾರೆ. ದೊಡ್ಡಪ್ಪಾನೇ ಕರೀಬೇಕಂತೆ’ ಅಂದಳು. ಇಲ್ಲಿ ಕೇಳಿದರೆ, ‘ಬರೋನಿಗೆ ಕರೆಯೋದೇನು, ಬಾಗಿಲೇನ್ ಮುಚ್ಚಿದೀನಾ?’ ಅನ್ನುತ್ತಾರೆ ಇವರು. ನನಗೆ ತಲೆ ಕೆಟ್ಟುಹೋಯಿತು. ಇವತ್ತು ಇತ್ಯರ್ಥ ಮಾಡಿಯೇ ಬರುವುದು ಅಂತ ವಿಜಯನಗರಕ್ಕೆ ಹೋಗಿ ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆ.

ಚಿಕ್ಕಪ್ಪ ಮಂಚದ ಮೇಲೆ ಕೂತಿದ್ದರು. ಗೂಳಿಯಂಥ ಆಳು ಇಳಿದುಹೋಗಿದ್ದರು, ಶರಟು ಹ್ಯಾಂಗರಿಗೆ ಹಾಕಿದ ಹಾಗೆ ಇತ್ತು. ನಾನು ಕೂರಲೂ ಇಲ್ಲ.

‘ಚಿಕ್ಕಪ್ಪ, ನಿಂಗೆ ದೊಡ್ಡ ಮುದ್ದೆ ಹಾಕ್ತಿದ್ಳು ನಮ್ಮಜ್ಜಿ. ಅವಳು ಸತ್ತಾಗ ಗೇಟಿನತ್ರ ಬೊಂಬೆ ಥರ ನಿಂತಿದ್ಯಲ್ಲ, ಒಳಗ್ ಬರೋಕೇನಾಗಿತ್ತು ನಿಂಗೆ?’

ಅವರು ನನ್ನನ್ನೇ ನೋಡಿದರು, ಇದೇನು ಕೇಳುವ ಮಾತು ಅನ್ನುವ ಹಾಗೆ.

‘ಮುಟ್ಟಿಸ್ದೆ ಹೆಂಗವ್ವ ಒಳಗ್ ಬರ್ಲಿ? ಸರಳು ಹಿಡಿದು ಕೈ ಚಾಚಿದ್ನಲ್ಲ.’

ನನಗೆ ಒಂದು ಗಳಿಗೆ ಏನೂ ಹೊಳೆಯಲಿಲ್ಲ. ಆಮೇಲೆ ಮಂಚದ ಮೇಲೆ ಅವರ ಪಕ್ಕ ಕೂತೆ. ಅವರು ನಿಂತದ್ದು ಬೀದಿಗೆ ಆಟ ತೋರಿಸಲು ಅಲ್ಲ. ಮ್ಯಾನೇಜರು ಹೇಳಿಕೊಟ್ಟಿದ್ದ ಆ ಕೊನೆಯ ಕುಸ್ತಿಯಲ್ಲಿ ನಿಲ್ಲಬೇಕಿದ್ದ ಹಾಗೇ ನಿಂತಿದ್ದರು. ದೊಡ್ಡ ಕುಸ್ತಿಗೆ ಕಾಯದೆ, ಎಲ್ಲ ಜನರ ಮುಂದೆ, ಜೋಡಿ ಮತ್ತೆ ಒಂದಾಗಲಿ ಅಂತ ಕೈ ಚಾಚಿದ್ದರು. ಬೀದಿಯ ಕಣ್ಣಿಗೆ ದ್ರೋಹಿ. ಆ ಕೈ ಮುಟ್ಟಿದರೆ ದ್ರೋಹಿ ಅಲ್ಲ, ಮಗ. ಅಪ್ಪನಿಗೆ ಅದು ಕಾಣಲಿಲ್ಲ. ಸತ್ತ ತಾಯಿಯ ಮುಂದೆ ಕೂತವನಿಗೆ ಹೇಗೆ ಕಂಡೀತು?

‘ಅಲ್ಲ ಚಿಕ್ಕಪ್ಪ, ಅಜ್ಜಿ ಕಾಲತ್ರ ಕೂತೋರು ಎದ್ದು ಬಂದು ನಿನ್ ಕೈ ಮುಟ್ತಾರಾ?’

‘ಅದು ನಂಗೆ ಆಮೇಲೆ ಗೊತ್ತಾಯ್ತು ಕಣವ್ವ. ಹೇಳೋಣ ಅಂತ ಹಿಂಬಾಗಿಲು ತಟ್ಟಿದೆ. ಚಿಲಕ ತೆಗೀಲಿಲ್ಲ ಅವನು.’

ಆಮೇಲೆ ತಮ್ಮ ಬಲಗೈಯನ್ನೇ ನೋಡಿಕೊಳ್ಳುತ್ತಾ ಅಂದರು, ‘ಟೆಂಟಲ್ಲಿ ಒಂದ್ಸಲ ಹಿಂದಕ್ ತಗೊಂಡಿದ್ದೆ, ಮ್ಯಾನೇಜರು ಹೇಳಿದ್ರು ಅಂತ. ಆಮೇಲೆ ಚಾಚಿದ್ದು ಇನ್ನೂ ತಗೊಂಡಿಲ್ಲ.’

ಬೈಯಲು ಹೋದವಳು ಅವರ ಮಂಡಿ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅತ್ತು ಮುಗಿಸಿ, ನಾಳೆ ಹೊರಡು, ಒಳಗೆ ಬಾ ಅಂತ ನಾನು ಕರೆಯುವುದಿಲ್ಲ, ಗೇಟಿನವರೆಗೆ ಬಾ ಸಾಕು ಅಂದೆ.

ಅಪ್ಪನಿಗೆ ಏನೂ ಹೇಳಲಿಲ್ಲ. ಹೇಳಿದ್ದರೆ ಏನಾದರೊಂದು ತಕರಾರು ತೆಗೆಯುತ್ತಿದ್ದರು. ಮಾರನೇ ಬೆಳಿಗ್ಗೆ ತಿಂಡಿ ಮುಗಿಸಿ ಅವರು ಪೋರ್ಟಿಕೋದಲ್ಲಿ ಕೂತು ಸೊಪ್ಪಿನ ಗಾಡಿಯವನ ಜೊತೆ ದಂಟು ಬಲಿತಿದೆ ಅಂತ ಜಗಳವಾಡುತ್ತಿದ್ದಾಗ ಒಂದು ಆಟೋ ಬಂತು. ಚಿಕ್ಕಪ್ಪ ಮಗಳ ಕೈ ಹಿಡಿದು ಇಳಿದರು. ಇಸ್ತ್ರಿ ಮಾಡಿದ ಬಿಳಿ ಶರಟು. ಗೇಟಿನ ಹತ್ತಿರ ಬಂದ ಮೇಲೆ ಮಗಳ ಕೈ ಬಿಟ್ಟರು. ಎಡಗೈಯಲ್ಲಿ ಸರಳು ಹಿಡಿದರು. ಬಲಗೈ ಗೇಟಿನ ಮೇಲಿಂದ ಒಳಗೆ ಚಾಚಿದರು. ಬಾಯಲ್ಲಿ ಏನೂ ಹೇಳಲಿಲ್ಲ.

ಅಪ್ಪ ದಂಟು ಕೆಳಗಿಟ್ಟರು. ಆ ಕೈಯನ್ನು ನೋಡಿದರು, ಸರಳು ಹಿಡಿದ ಇನ್ನೊಂದು ಕೈಯನ್ನು ನೋಡಿದರು. ಅವರ ಮುಖದಲ್ಲಿ ಒಂದೊಂದೇ ಅರ್ಥವಾಗುತ್ತಾ ಹೋದದ್ದು ನನಗೆ ಕಾಣುತ್ತಿತ್ತು. ಇವತ್ತಿನ ಗೇಟು, ಅವತ್ತಿನ ಗೇಟು. ‘ಅವ್ವ ಹೋದಾಗ್ಲೂ ಇದೇನೇನೋ?’ ಅಂದರು, ನನಗಷ್ಟೇ ಕೇಳಿಸುವಷ್ಟು ಮೆಲ್ಲಗೆ. ಆಮೇಲೆ ವಾಕರ್ ಎಳೆದುಕೊಂಡು ಎದ್ದರು.

ನಾನು ತೋಳು ಹಿಡಿಯಲು ಓಡಿದೆ. ‘ಮುಟ್ಬೇಡ!’ ಅಂತ ಗದರಿದರು.

ಕುರ್ಚಿಯಿಂದ ಗೇಟಿಗೆ ಒಂದು ಸ್ಕೂಟರ್ ನಿಲ್ಲಿಸುವಷ್ಟು ಜಾಗ ಇರಬಹುದು. ಅಪ್ಪ ವಾಕರ್ ಮುಂದಿಟ್ಟು, ಕಾಲು ಎಳೆದು, ಮತ್ತೆ ಮುಂದಿಟ್ಟು ಬಂದರು. ಸೊಪ್ಪಿನವನು ತಕ್ಕಡಿ ಹಿಡಿದುಕೊಂಡೇ ನಿಂತ. ಮಹಡಿ ಮೇಲೆ ಬಟ್ಟೆ ಒಣಗಿಸುತ್ತಿದ್ದ ನಮ್ಮ ಬಾಡಿಗೆಯಾಕೆ, ಗದಗದ ಕಡೆಯವಳು, ಕಟಕಟೆಗೆ ಬಗ್ಗಿ, ‘ಬರ್ರಿ ಅಜ್ಜಾರ, ಬಿಡಬ್ಯಾಡ್ರಿ, ಬರ್ರಿ!’ ಅಂತ ಕೂಗಿದಳು. ಅರ್ಧ ದಾರಿಯಲ್ಲಿ ಅಪ್ಪ ನಿಂತರು. ತಲೆ ಎದೆಗೆ ಬಿತ್ತು. ಮತ್ತೆ ಹೊರಟು, ಇನ್ನೇನು ಬೆರಳು ತಾಕಬೇಕು, ಆಗ ಹಿಂದಕ್ಕೆ ವಾಲಿದರು. ಮೇಲಿನಾಕೆ ಚೀರಿದಳು, ನಾನೂ ಚೀರಿದೆ. ಆಗ ನನಗೆ ಕಂಡಿತು: ಕುರ್ಚಿಯಿಂದ ಎದ್ದ ಮೇಲೆ ಅಪ್ಪ ಒಂದು ಸಲವೂ ಚಾಚಿದ ಕೈ ಕಡೆ ನೋಡಿರಲಿಲ್ಲ. ನೆಲ ನೋಡುತ್ತಿದ್ದರು. ಅಯ್ಯೋ ನಮ್ಮಪ್ಪಾ, ಈ ವಯಸ್ಸಲ್ಲೂ ಜನಕ್ಕೆ ಮೋಸ ಮಾಡಬಾರದು!

ಆಮೇಲೆ ಮುಟ್ಟಿಸಿದರು. ಅಂಗೈಗೆ ಅಂಗೈ ತಾಕಿದ ಚಪ್ ಸದ್ದು ನನಗೂ ಕೇಳಿಸಿತು.

ಚಿಕ್ಕಪ್ಪ ಸರಳು ಬಿಟ್ಟು, ಗೇಟು ತೆಗೆದು ಒಳಗೆ ಬಂದರು. ತಬ್ಬಿಕೊಳ್ಳುತ್ತಾರೆ ಅಂತ ಕಾದೆ. ಅದೆಲ್ಲ ಇಲ್ಲ. ಅವರು ಒಳಗೆ ಬಂದದ್ದೇ ಅಪ್ಪ ವಾಕರ್ ಎಳೆದುಕೊಂಡು ಗೇಟು ದಾಟಿ ರಸ್ತೆಗೆ ಹೋದರು. ಆಸ್ಪತ್ರೆಯಿಂದ ಬಂದ ಮೇಲೆ ಒಮ್ಮೆಯೂ ದಾಟದ ಗೇಟದು. ಹೊರಗೆ ಹೋಗಿ ತಿರುಗಿ ನಿಂತು, ಎಡಗೈಯಲ್ಲಿ ಸರಳು ಹಿಡಿದುಕೊಂಡರು.

ಚಿಕ್ಕಪ್ಪ ಯಾರನ್ನೂ ಕೇಳದೆ ಚಪ್ಪಲಿ ಬಿಟ್ಟು ಹಾಲಿಗೆ ಹೋದರು. ಗೋಡೆಯ ಮೇಲೆ ಅಜ್ಜಿಯ ಫೋಟೋ ಇದೆ. ಅದರ ಕೆಳಗೆ ಗೋಡೆ ಹಿಡಿದುಕೊಂಡು ಬಗ್ಗಿ, ಮಂಡಿಯೂರಿ, ಹಣೆಯನ್ನು ನೆಲಕ್ಕೆ ಹಚ್ಚಿದರು. ‘ಅವ್ವಾ, ಬಂದೆ’ ಅಂದರು. ಅವರ ಮಗಳು ಎಬ್ಬಿಸಲು ಹೋದಳು, ನಾನು ಬೇಡ ಅಂತ ತಡೆದೆ. ಎಷ್ಟೋ ವರ್ಷದ ಅಳು, ಅದರ ಪಾಡಿಗೆ ಅದು ಹೋಗಲಿ.

ನಾನು ಹೊರಗೆ ಬಂದು ನೋಡಿದರೆ ಅಪ್ಪ ಬಿಸಿಲಲ್ಲಿ ಹಾಗೇ ನಿಂತಿದ್ದರು. ಕಾಲು ನಡುಗುತ್ತಿತ್ತು. ಕೆನ್ನೆ ಒದ್ದೆ.

‘ಒಳಗ್ ಬಾಪ್ಪ, ಸಾಕು’ ಅಂದೆ.

‘ಸುಮ್ನಿರೆ ನೀನು. ಅವ್ವನ ಹತ್ರ ಮಾತಾಡ್ಕೊಂಡ್ ಬರ್ಲಿ’ ಅಂದರು. ‘ಅವನು ಬಂದು ಮುಟ್ಟಿಸಿದ್ಮೇಲೆ ನಾನು ಒಳಗ್ ಬರೋದು.’

ಬಲಗೈಯನ್ನು ಗೇಟಿನ ಮೇಲಿಂದ ಒಳಗೆ ಚಾಚಿಕೊಂಡು ಕಾಯುತ್ತಾ ನಿಂತರು.